ದೊಡ್ಡ ಒಕ್ಕೂಟ, ಊರಿನ ದನಿ: ಪ್ರಾದೇಶಿಕ ಪಕ್ಷಗಳ ಏಳುಬೀಳಿನ ಹಿಂದಿನ ಕಥೆ



 

ಇಂದಿನ ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹಲವು ರಾಜ್ಯಗಳು, ಕೆಲವೊಮ್ಮೆ ಹಲವು ದೇಶಗಳು, ಸೇರಿ ದೊಡ್ಡ ಒಕ್ಕೂಟ ಕಟ್ಟಿಕೊಳ್ಳುತ್ತವೆ. ಆಗ ತೀರ್ಮಾನ ನಡೆಯುವ ಜಾಗ ಊರಿನಿಂದ ದೂರ ಸರಿಯುತ್ತದೆ. ಹಾಗಾದಾಗ, ಊರಿನ ಹೆಸರಿನಲ್ಲಿ ರಾಜಕಾರಣ ಮಾಡುವ ಪಕ್ಷಗಳಿಗೆ ಏನಾಗುತ್ತದೆ? ಅವು ಸೊರಗುತ್ತವೆಯೇ, ಬೆಳೆಯುತ್ತವೆಯೇ, ಬೇರೆ ರೂಪ ತಾಳುತ್ತವೆಯೇ?

ಇಲ್ಲಿ ಎರಡು ಬಗೆಯ ಪಕ್ಷಗಳು ಮತ್ತೆ ಮತ್ತೆ ಬರುತ್ತವೆ. ಒಂದು ಪ್ರದೇಶದ ಭಾಷೆ, ಬೆಳೆ, ಗಡಿ, ಅಧಿಕಾರ ಇವುಗಳಿಗಾಗಿ ನಿಲ್ಲುವ ಪಕ್ಷವನ್ನು ಪ್ರಾದೇಶಿಕ ಪಕ್ಷ ಎನ್ನುತ್ತೇನೆ. ‘ನಾವು ಜನ, ಮೇಲೆ ಕೂತವರು ಜನದ್ರೋಹಿಗಳು’ ಎಂದು ಸಮಾಜವನ್ನು ಎರಡಾಗಿ ನಿಲ್ಲಿಸಿ ಬೆಳೆಯುವ ಪಕ್ಷವನ್ನು ರಾಜ್ಯಶಾಸ್ತ್ರದವರು ಪಾಪ್ಯುಲಿಸ್ಟ್ ಪಕ್ಷ ಎನ್ನುತ್ತಾರೆ. ನಾನು ಅದನ್ನು ಜನಾಕ್ರೋಶದ ಪಕ್ಷ ಎಂದು ಕರೆಯುತ್ತೇನೆ. ಒಂದೇ ಪಕ್ಷ ಎರಡೂ ಆಗಿರಬಹುದು, ಒಂದರಿಂದ ಇನ್ನೊಂದಕ್ಕೆ ಹೊರಳಲೂಬಹುದು.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲು ಯುರೋಪಿನ ಅನುಭವ. ಎರಡನೆಯದು 1956ರ ಏಕೀಕರಣ ಮತ್ತು ನಮ್ಮ ಗಡಿಗಳಲ್ಲಿ ಹುಟ್ಟಿದ ಪಕ್ಷಗಳು. ಮೂರನೆಯದು ದುಡಿಮೆಗಾಗಿ ಊರು ಬಿಟ್ಟವರು ಮತ್ತು ಅವರ ವಿರುದ್ಧ ಎದ್ದ ರಾಜಕಾರಣ. ನಾಲ್ಕನೆಯದು ವಿಶ್ವ ವ್ಯಾಪಾರದ ಒಪ್ಪಂದಗಳು, ರೈತ ಸಂಘ, ನಮ್ಮ ಅಡಿಕೆ ಮತ್ತು ಮೀನು. ಕೊನೆಯಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಬಗ್ಗೆ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತೇನೆ.

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಒಕ್ಕೂಟ ಎಷ್ಟೇ ದೊಡ್ಡದಾದರೂ ಪ್ರಾದೇಶಿಕ ಭಾವನೆ ಅಳಿಯುವುದಿಲ್ಲ, ಅದರ ಎದುರಾಳಿ ಮಾತ್ರ ಬದಲಾಗುತ್ತದೆ. ತೀರ್ಮಾನ ನಡೆಯುವ ಮೇಜಿನಲ್ಲಿ ಊರಿಗೆ ಒಂದು ಕುರ್ಚಿ ಸಿಕ್ಕರೆ ಆ ಭಾವನೆ ಮಾತುಕತೆಯ ರಾಜಕಾರಣವಾಗುತ್ತದೆ, ಸಿಗದಿದ್ದರೆ ಆಕ್ರೋಶದ ರಾಜಕಾರಣವಾಗುತ್ತದೆ.

ವಿಷಯಕ್ಕೆ ಇಳಿಯುವ ಮೊದಲು ಒಂದು ಸ್ಥಳೀಯ ಪ್ರಸಂಗ. 1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ದೊರೆಯ ನಡುವೆ ಒಂದು ಒಪ್ಪಂದವಾಯಿತು. ಅದರ ಪ್ರಕಾರ ಕೆನರಾದಲ್ಲಿ ಗೋವೆಯ ಆರ್ಚ್‌ಬಿಷಪ್ಪರ ಅಧೀನದಲ್ಲಿದ್ದ ಇಗರ್ಜಿಗಳು ಮಂಗಳೂರಿನ ಅಧಿಕಾರಕ್ಕೆ ಹೋಗಬೇಕಾಯಿತು. ಬ್ರಹ್ಮಾವರದ ಕ್ರೈಸ್ತರಲ್ಲಿ ಒಂದು ಗುಂಪು ಇದಕ್ಕೆ ಒಪ್ಪಲಿಲ್ಲ. ಫಾದರ್ ನೊರೊನ್ಹಾ ಅವರ ನೇತೃತ್ವದಲ್ಲಿ ಆ ಗುಂಪು ರೋಮನ್ನೇ ಬಿಟ್ಟು, 1889ರಲ್ಲಿ ಕೇರಳದ ಮಲಂಕರ ಸಭೆಯಲ್ಲಿ ಬಿಷಪ್ ದೀಕ್ಷೆ ಪಡೆದ ಆಲ್ವಾರಿಸ್ ಮಾರ್ ಜೂಲಿಯಸ್ ಅವರ ಜೊತೆ ನಿಂತಿತು. ಆ ಆರ್ಥೊಡಾಕ್ಸ್ ಸಮುದಾಯ ಇವತ್ತಿಗೂ ಬ್ರಹ್ಮಾವರದಲ್ಲಿದೆ. ರೋಮ್ ಮತ್ತು ಲಿಸ್ಬನ್ ನಡುವೆ ಸಹಿಯಾದ ಕಾಗದಕ್ಕೆ ಸೀತಾನದಿಯ ಆಸುಪಾಸಿನ ಜನ ತಮ್ಮದೇ ಉತ್ತರ ಕೊಟ್ಟರು. ಅವರನ್ನು ಯಾರೂ ಕೇಳಿರಲಿಲ್ಲ ಎಂಬುದೇ ಆ ಉತ್ತರದ ಬೇರು. ಪಕ್ಷಗಳ ಚರಿತ್ರೆಯಲ್ಲೂ ಇದೇ ಬೇರು ಮತ್ತೆ ಮತ್ತೆ ಕಾಣುತ್ತದೆ.

ಯುರೋಪಿನ ಮೂರು ಪಾಠ

ಈಗ ಮೊದಲ ಭಾಗಕ್ಕೆ ಬರೋಣ. 1957ರಲ್ಲಿ ಆರು ದೇಶಗಳು ರೋಮಿನಲ್ಲಿ ಒಪ್ಪಂದ ಮಾಡಿಕೊಂಡು ಸಮಾನ ಮಾರುಕಟ್ಟೆಯ ದಾರಿ ಹಿಡಿದವು. 1992ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಬಿದ್ದು, 1993ರ ನವೆಂಬರ್ 1ರಂದು ಯುರೋಪಿಯನ್ ಒಕ್ಕೂಟ ಹುಟ್ಟಿತು. ಕೃಷಿ, ವ್ಯಾಪಾರ, ಮೀನುಗಾರಿಕೆ, ಕೊನೆಗೆ ನಾಣ್ಯದ ಬಗೆಗಿನ ಅಧಿಕಾರವೂ ದೇಶಗಳ ರಾಜಧಾನಿಗಳಿಂದ ಮೇಲಕ್ಕೆ ಹೋಯಿತು. ಇದರಿಂದ ಪ್ರಾದೇಶಿಕ ಪಕ್ಷಗಳು ಸೊರಗುತ್ತವೆ ಎಂದು ಹಲವರು ಎಣಿಸಿದ್ದರು. ಆದದ್ದು ಬೇರೆ.

ಮೊದಲನೆಯ ಪಾಠ ಸ್ಕಾಟ್ಲೆಂಡಿನದು. ಅಲ್ಲಿನ ಸ್ಕಾಟಿಷ್ ರಾಷ್ಟ್ರೀಯ ಪಕ್ಷ (ಎಸ್‌ಎನ್‌ಪಿ) 1975ರ ಜನಮತಗಣನೆಯಲ್ಲಿ ಯುರೋಪಿನ ಸಹವಾಸವೇ ಬೇಡ ಎಂದು ಪ್ರಚಾರ ಮಾಡಿತ್ತು. ಅದೇ ಪಕ್ಷ 1988ರಲ್ಲಿ ‘ಯುರೋಪಿನೊಳಗೆ ಸ್ವಾತಂತ್ರ್ಯ’ ಎಂಬ ನಿಲುವು ತಳೆಯಿತು. ಲಂಡನ್ನಿನಿಂದ ಬೇರೆಯಾದರೂ ದೊಡ್ಡ ಮಾರುಕಟ್ಟೆ ಕೈತಪ್ಪುವುದಿಲ್ಲ ಎಂದು ಮತದಾರರಿಗೆ ಧೈರ್ಯ ಹೇಳಲು ಅದಕ್ಕೆ ಯುರೋಪು ಬೇಕಾಯಿತು. ಮೇಲಿನ ಒಕ್ಕೂಟ ಹೀಗೆ ಸಣ್ಣ ನಾಡಿಗೆ ಆಸರೆಯಾಯಿತು. 2016ರ ಜೂನ್ 23ರಂದು ಬ್ರಿಟನ್ ಒಟ್ಟಾರೆ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಕಡೆಗೆ ಮತ ಹಾಕಿದಾಗ ಸ್ಕಾಟ್ಲೆಂಡಿನ ಶೇಕಡಾ 62ರಷ್ಟು ಮತದಾರರು ಉಳಿಯುವ ಕಡೆಗಿದ್ದರು.

ಎರಡನೆಯ ಪಾಠ ಇಟಲಿಯದು. ಉಂಬೆರ್ತೊ ಬೊಸ್ಸಿ ಕಟ್ಟಿದ ಉತ್ತರದ ಲೀಗ್ ಮೊದಲಿಗೆ ರೋಮಿನ ಸರಕಾರವನ್ನು ಬೈಯುತ್ತಿತ್ತು. ‘ನಾವು ದುಡಿದ ತೆರಿಗೆ ದಕ್ಷಿಣಕ್ಕೆ ಹೋಗುತ್ತಿದೆ’ ಎಂಬುದು ಅದರ ದೂರು. ಯುರೋಪಿನ ಬಗ್ಗೆ ಆಗ ಅದಕ್ಕೆ ಒಲವೇ ಇತ್ತು. 1990ರ ದಶಕದ ಕೊನೆಗೆ ಅದು ಯುರೋಪನ್ನೂ ಬೈಯತೊಡಗಿತು. 2013ರ ಕೊನೆಯಲ್ಲಿ ಮತ್ತೆಯೊ ಸಾಲ್ವಿನಿ ನಾಯಕನಾದ ಮೇಲೆ ಶತ್ರುವಿನ ಜಾಗದಲ್ಲಿ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಮತ್ತು ವಲಸಿಗರು ಬಂದರು. 2018ರ ಚುನಾವಣೆಗೆ ಪಕ್ಷ ತನ್ನ ಹೆಸರಿನಿಂದ ‘ಉತ್ತರ’ವನ್ನೇ ಕೈಬಿಟ್ಟು, ಇಡೀ ಇಟಲಿಯಲ್ಲಿ ಶೇಕಡಾ 17ರಷ್ಟು ಮತ ಪಡೆಯಿತು. ಪ್ರಾದೇಶಿಕ ಪಕ್ಷವೊಂದು ರಾಷ್ಟ್ರಮಟ್ಟದ ಜನಾಕ್ರೋಶದ ಪಕ್ಷವಾದ ಬಗೆ ಇದು.

ಮೂರನೆಯ ಪಾಠ ಸಂಸ್ಥೆಗಳಿಗೆ ಸಂಬಂಧಿಸಿದ್ದು. 1979ರಿಂದ ಯುರೋಪಿಯನ್ ಸಂಸತ್ತಿಗೆ ಜನರೇ ನೇರವಾಗಿ ಮತ ಹಾಕುತ್ತಾರೆ. 1999ರಿಂದ ಗ್ರೇಟ್ ಬ್ರಿಟನ್ನಿನಲ್ಲಿ ಆ ಚುನಾವಣೆಗೆ ಮತದ ಪಾಲಿಗೆ ತಕ್ಕಷ್ಟು ಸ್ಥಾನ ಕೊಡುವ ಪದ್ಧತಿ ಬಂತು. ಯುರೋಪಿನಿಂದ ಹೊರಬರಬೇಕು ಎನ್ನುತ್ತಿದ್ದ ಯುಕಿಪ್ ಪಕ್ಷ ಅದೇ ಯುರೋಪಿನ ಸಂಸತ್ತಿನಲ್ಲಿ ಕಾಲೂರಿತು. 2014ರಲ್ಲಿ 24 ಸ್ಥಾನ ಗೆದ್ದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷದ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲಿ ಶೇಕಡಾ 12ಕ್ಕಿಂತ ಹೆಚ್ಚು ಮತ ಪಡೆದರೂ ಅದಕ್ಕೆ ಸಿಕ್ಕಿದ್ದು ಒಂದೇ ಸ್ಥಾನ. ಒಕ್ಕೂಟವನ್ನು ವಿರೋಧಿಸುವವರಿಗೆ ಒಕ್ಕೂಟವೇ ವೇದಿಕೆ ಹಾಕಿಕೊಟ್ಟಿತ್ತು.

ಆಸರೆ, ಶತ್ರು, ವೇದಿಕೆ: ಪ್ರಾದೇಶಿಕ ಪಕ್ಷಗಳ ಪಾಲಿಗೆ ದೊಡ್ಡ ಒಕ್ಕೂಟ ಈ ಮೂರೂ ಆಗಬಲ್ಲದು. ಈ ಮೂರನ್ನು ನೆನಪಿನಲ್ಲಿಟ್ಟು ನಮ್ಮ ಕಡೆಗೆ ಬರೋಣ.

1956 ಮತ್ತು ಗಡಿಯ ಪಕ್ಷಗಳು

ಭಾರತ ಒಂದು ದೇಶ. ಯುರೋಪಿನಂತೆ ದೇಶಗಳ ಕೂಟವಲ್ಲ. ಆದರೂ ಸಂವಿಧಾನದ ಮೊದಲ ವಿಧಿಯೇ ಭಾರತವನ್ನು ರಾಜ್ಯಗಳ ಒಕ್ಕೂಟ ಎನ್ನುತ್ತದೆ. ಬೇರೆ ಬೇರೆ ಆಡಳಿತಗಳಲ್ಲಿದ್ದ ನಾಡುಗಳು ಒಂದು ಛತ್ರದಡಿ ಸೇರಿದಾಗ ಪಕ್ಷಗಳು ಹೇಗೆ ಬದಲಾಗುತ್ತವೆ ಎಂದು ತಿಳಿಯಲು ಕರ್ನಾಟಕಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ.

ಕುಂದಾಪುರಕ್ಕಂತೂ ಗಡಿ ಎಂದರೇನೆಂದು ಚೆನ್ನಾಗಿ ಗೊತ್ತು. ಬ್ರಿಟಿಷರು ಕೆನರಾ ಜಿಲ್ಲೆಯನ್ನು ಉತ್ತರ ಮತ್ತು ದಕ್ಷಿಣವಾಗಿ ಒಡೆದಾಗ ಕುಂದಾಪುರ ತಾಲೂಕು ಮೊದಲು ಉತ್ತರ ಕೆನರಾಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋದರೂ ಕುಂದಾಪುರ ದಕ್ಷಿಣಕ್ಕೆ, ಅಂದರೆ ಮದ್ರಾಸಿನ ಕಡೆಗೆ ಬಂತು. ಶಿರೂರಿನ ಆಚೆ ಮುಂಬಯಿ, ಈಚೆ ಮದ್ರಾಸು. ಎರಡೂ ಕಡೆ ಕನ್ನಡವೇ ಆದರೂ ಕಚೇರಿ, ಕಾನೂನು, ಕಂದಾಯ ಬೇರೆ ಬೇರೆ. 1956ರ ನವೆಂಬರ್ 1ರಂದು ಆ ಗೆರೆ ಅಳಿಸಿತು. ಅದೇ ದಿನ ಇನ್ನೊಂದು ಗೆರೆ ಎಳೆಯಲಾಯಿತು: ದಕ್ಷಿಣ ಕನ್ನಡದ ಭಾಗವೇ ಆಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು.

ಕಾಸರಗೋಡಿನಲ್ಲಿ ಆಮೇಲೆ ನಡೆದದ್ದನ್ನು ಗಮನಿಸಿ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲೂ 1967ರಲ್ಲೂ ಅಲ್ಲಿ ಗೆದ್ದವರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎನ್ನುತ್ತಿದ್ದ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಊರೂರು ತಿರುಗಿ ಹೋರಾಟಕ್ಕೆ ದನಿಯಾದರು. 1966ರ ಅಕ್ಟೋಬರಿನಲ್ಲಿ ಗಡಿ ವಿವಾದದ ಪರಿಶೀಲನೆಗೆ ಮಹಾಜನ ಆಯೋಗದ ನೇಮಕವಾಯಿತು. 1967ರಲ್ಲಿ ಅದು ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ.

ಆಮೇಲಿನ ದಶಕಗಳಲ್ಲಿ ಭಾಷೆಯ ಹೆಸರಿನ ಸಮಿತಿ ಚುನಾವಣೆಯಲ್ಲಿ ಹಿಂದೆ ಸರಿಯಿತು. 1970ರ ಚುನಾವಣೆಯಲ್ಲಿ ಮಂಜೇಶ್ವರ ಕಮ್ಯುನಿಸ್ಟರ ಕೈಗೆ, 1987ರಲ್ಲಿ ಮುಸ್ಲಿಂ ಲೀಗಿನ ಕೈಗೆ ಬಂತು. ಎದುರಾಳಿಯ ಜಾಗವನ್ನು ಬಿಜೆಪಿ ಹಿಡಿಯಿತು. 2016ರಲ್ಲಿ ಅಲ್ಲಿ ಸೋಲು ಗೆಲುವಿನ ಅಂತರ ಕೇವಲ 89 ಮತ. ಅಷ್ಟು ಬಿಗಿಯಾದ ಪೈಪೋಟಿಯಲ್ಲಿ ಕನ್ನಡದ ಪ್ರಶ್ನೆ ಎರಡೂ ಕಡೆಯ ಭಾಷಣಗಳಲ್ಲಿ ಒಂದು ಸಾಲಾಗಿ ಉಳಿಯಿತು. ಕನ್ನಡ ಶಾಲೆ, ಕನ್ನಡ ಬಲ್ಲ ಅಧ್ಯಾಪಕ, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ ಇವೆಲ್ಲ ಅಲ್ಲಿ ಇವತ್ತಿಗೂ ಜೀವಂತ ಬೇಡಿಕೆಗಳು. ಅವನ್ನು ಹೊತ್ತು ನಿಲ್ಲುವ ಶಾಸಕರ ಗುಂಪು ಮಾತ್ರ ಇಲ್ಲ.

ಬೆಳಗಾವಿಯ ಮಹಾರಾಷ್ಟ್ರ ಏಕೀಕರಣ ಸಮಿತಿಯದೂ ಹೆಚ್ಚು ಕಡಿಮೆ ಇದೇ ಕಥೆ, ಕನ್ನಡಿಯಲ್ಲಿ ಕಂಡ ಹಾಗೆ. ಗಡಿಯ ಪ್ರಶ್ನೆಯೊಂದನ್ನೇ ಹಿಡಿದು ದಶಕಗಳ ಕಾಲ ಶಾಸಕರನ್ನು ಕಳುಹಿಸಿದ ಸಮಿತಿ 2013ರಲ್ಲಿ ಎರಡು ಸ್ಥಾನ ಗೆದ್ದಿತು. 2018 ಮತ್ತು 2023ರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಗಡಿಯ ತೀರ್ಮಾನ ಮತಪೆಟ್ಟಿಗೆಯ ಕೈಯಿಂದ ನ್ಯಾಯಪೀಠದ ಕೈಗೆ ಹೋಯಿತು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಹೊಸ ತಲೆಮಾರಿನ ಮರಾಠಿ ಮತದಾರರು ರಾಷ್ಟ್ರೀಯ ಪಕ್ಷಗಳೊಳಗೆ ತಮ್ಮವರಿಗೆ ಟಿಕೆಟ್ ಕೇಳತೊಡಗಿದರು.

ಈ ಎರಡು ಗಡಿಗಳಿಂದ ತಿಳಿಯುವುದೇನು? ಒಂದೇ ಬೇಡಿಕೆಯ ಪಕ್ಷಕ್ಕೆ, ಆ ಬೇಡಿಕೆಯನ್ನು ಈಡೇರಿಸುವ ಅಧಿಕಾರ ತಾನು ಗೆಲ್ಲಬಹುದಾದ ಸದನದಲ್ಲಿ ಇಲ್ಲದಿದ್ದರೆ, ಆಯುಸ್ಸು ಕಡಿಮೆ. ತಿರುವನಂತಪುರದ ವಿಧಾನಸಭೆಯಲ್ಲಿ ಕೂತ ಒಬ್ಬಿಬ್ಬರು ಶಾಸಕರು ರಾಜ್ಯದ ಗಡಿಯನ್ನು ಬದಲಿಸಲಾರರು; ಸಂವಿಧಾನದ 3ನೇ ವಿಧಿ ಆ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಜನ ಇದನ್ನು ಬೇಗ ಅರಿಯುತ್ತಾರೆ. ಭಾವನೆಯನ್ನು ಎದೆಯಲ್ಲಿ ಉಳಿಸಿಕೊಂಡು ಮತವನ್ನು ಬೇರೆಡೆ ಹಾಕುತ್ತಾರೆ.

ಊರು ಬಿಟ್ಟವರು, ಊರಿನವರು

ಇನ್ನು ಮೂರನೆಯ ಭಾಗ. ದೊಡ್ಡ ಒಕ್ಕೂಟದ ಮೊದಲ ವರ ಎಂದರೆ ಓಡಾಟದ ಸ್ವಾತಂತ್ರ್ಯ. ಈ ವರವನ್ನು ನಮ್ಮ ತಾಲೂಕುಗಳಷ್ಟು ಬಳಸಿಕೊಂಡ ಸೀಮೆಗಳು ಕಡಿಮೆ. ನಾಲ್ಕಾರು ಎಕರೆ ಗದ್ದೆ ಮನೆಯವರನ್ನೆಲ್ಲ ಸಾಕದೆ ಹೋದಾಗ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೊರಟರು. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಕೆಲವರು ಗಲ್ಲೆಯಲ್ಲಿ ಕೂರುವ ಮಟ್ಟಕ್ಕೆ ಏರಿದರು. ಅವರ ಮನಿಯಾರ್ಡರಿನಿಂದ ಈ ಊರುಗಳಲ್ಲಿ ಮನೆ ಎದ್ದವು, ತಂಗಿಯರ ಮದುವೆಯಾಯಿತು, ಯಕ್ಷಗಾನದ ಹರಕೆಯಾಟಗಳು ನಡೆದವು.

1966ರ ಜೂನ್ 19ರಂದು ಮುಂಬಯಿಯಲ್ಲಿ ಶಿವಸೇನೆ ಹುಟ್ಟಿತು. ಬಾಳ ಠಾಕ್ರೆಯವರ ‘ಮಾರ್ಮಿಕ್’ ವಾರಪತ್ರಿಕೆ ಕಂಪನಿ, ಕಚೇರಿಗಳ ಮೇಲಿನ ಹುದ್ದೆಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿತ್ತು. ಆ ಸಿಟ್ಟು ಉಡುಪಿ ಹೋಟೆಲುಗಳ ಮೇಲೂ ತಿರುಗಿ ಕಲ್ಲು ಬಿದ್ದವು. ಮರಾಠಿ ಯುವಕರ ನಿರುದ್ಯೋಗ ಸುಳ್ಳಾಗಿರಲಿಲ್ಲ. ಆದರೆ ಅದಕ್ಕೆ ಕಾರಣರೆಂದು ಕೈತೋರಿಸಿದ್ದು ಹೋಟೆಲಿನಲ್ಲಿ ಬೆವರು ಸುರಿಸುವವರ ಕಡೆಗೆ.

ಬ್ರಿಟನ್ನಿನಲ್ಲಿ ನಡೆದದ್ದೂ ಇದೇ ಬಗೆಯದು. 2004ರ ಮೇ 1ರಂದು ಹತ್ತು ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದವು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಅಂದಿನಿಂದಲೇ ಅಲ್ಲಿನ ಕೆಲಸಗಾರರಿಗೆ ಬಾಗಿಲು ತೆರೆದವು. ಪೋಲೆಂಡಿನ ಬಡಗಿ, ಕೊಳಾಯಿ ಕೆಲಸದವರು ಲಕ್ಷಗಟ್ಟಲೆ ಬಂದರು. ಯುಕಿಪ್ ಬೆಳೆದದ್ದು ಈ ವಲಸೆಯ ಮೇಲಿನ ಸಿಟ್ಟನ್ನು ಬ್ರಸೆಲ್ಸಿನ ಮೇಲಿನ ಸಿಟ್ಟಿನ ಜೊತೆ ಹೆಣೆದದ್ದರಿಂದ. ಮಾರುಕಟ್ಟೆಯನ್ನು ಒಂದು ಮಾಡುವವರು ಹೊಸಬರು ಬಂದಿಳಿಯುವ ಊರಿನ ಶಾಲೆ, ಆಸ್ಪತ್ರೆ, ಬಾಡಿಗೆಮನೆಗಳ ಬಗ್ಗೆ ಯೋಚಿಸದಿದ್ದರೆ ಇಂಥ ಪಕ್ಷಗಳಿಗೆ ಜಾಗ ತಾನಾಗಿ ಸಿಗುತ್ತದೆ.

ಈಗ ಅದೇ ಪ್ರಶ್ನೆ ನಮ್ಮ ರಾಜಧಾನಿಯ ಮುಂದಿದೆ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಂದಿನಿಂದ ಸ್ಥಳೀಯರಿಗೆ ಉದ್ಯೋಗ ಎಂಬುದು ಕನ್ನಡ ಚಳವಳಿಯ ಮುಖ್ಯ ಬೇಡಿಕೆ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಮೀಸಲಾತಿಯ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಕೂಡಲೇ ಅದನ್ನು ತಡೆಹಿಡಿಯಬೇಕಾಯಿತು. ಬೆಂಗಳೂರಿನಲ್ಲಿ ಕನ್ನಡದ ಹುಡುಗನಿಗೆ ಕೆಲಸ ಸಿಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆ ಬೇಡಿಕೆಯನ್ನು ಹೊರಗಿನಿಂದ ಬಂದ ಕೂಲಿಯವನ ಮೇಲೆ ಕೈಮಾಡುವ ರಾಜಕಾರಣವಾಗಿಸಬೇಡಿ ಎಂದು ಹೇಳುವ ನೈತಿಕ ಹಕ್ಕು ಮಾತ್ರ ಕುಂದಾಪುರ, ಬೈಂದೂರಿನವರಿಗೆ ಎಲ್ಲರಿಗಿಂತ ಹೆಚ್ಚು. ಆ ಕಲ್ಲಿನ ಪೆಟ್ಟು ತಿಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿದ್ದಾರೆ.

ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. ಬ್ಯಾಂಕಿನ ತವರೆಂದು ಹೆಸರಾದ ಈ ಸೀಮೆಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಜನರಿಗೆ ನೋವಾಯಿತು, ಪ್ರತಿಭಟನೆಗಳಾದವು, ವಿಲೀನ ನಿಲ್ಲಲಿಲ್ಲ. ಆದರೆ ಬ್ಯಾಂಕ್ ಪರೀಕ್ಷೆ ಕನ್ನಡದಲ್ಲೂ ಇರಲಿ ಎಂಬ ಬೇಡಿಕೆ ಪಕ್ಷಭೇದವಿಲ್ಲದೆ ಎದ್ದಿತು. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೂ, 2021ರಲ್ಲಿ ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಗೂ ಇಂಗ್ಲಿಷ್, ಹಿಂದಿಯ ಜೊತೆ 13 ಪ್ರಾದೇಶಿಕ ಭಾಷೆಗಳ ಅವಕಾಶವನ್ನು ಕೇಂದ್ರ ಘೋಷಿಸಿತು. ಕೇಳುವ ಕಿವಿ ಇದ್ದ ಕಡೆ ಬೇಡಿಕೆ ಫಲ ಕೊಟ್ಟಿತು, ದ್ವೇಷಕ್ಕೆ ತಿರುಗಲಿಲ್ಲ.

ಜಿನೀವಾ, ದಿಲ್ಲಿ, ಗಂಗೊಳ್ಳಿ

ನಾಲ್ಕನೆಯ ಭಾಗಕ್ಕೆ ಬಂದಿದ್ದೇವೆ. ಇಲ್ಲಿ ಒಕ್ಕೂಟ ದೇಶದ ಗಡಿಯನ್ನೂ ದಾಟುತ್ತದೆ.

1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಮೊದಲು ಬೆಂಗಳೂರಿನ ಸರಕಾರದ ವಿರುದ್ಧ ದನಿ ಎತ್ತಿತ್ತು: ಸಾಲ, ಜಪ್ತಿ, ಬೆಳೆಯ ಬೆಲೆ. 1990ರ ದಶಕದಲ್ಲಿ ವಿಶ್ವ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಬಂದಾಗ ಅದರ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಬಿತ್ತನೆ ಬೀಜದ ಮೇಲಿನ ಹಕ್ಕು ಇನ್ನು ಜಿನೀವಾದಲ್ಲಿ ತೀರ್ಮಾನವಾಗುತ್ತದೆ ಎಂದು ಹಳ್ಳಿಗಳಲ್ಲಿ ಬಿಡಿಸಿ ಹೇಳಿದರು. 1992ರ ಡಿಸೆಂಬರಿನಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ರೈತರು ನುಗ್ಗಿ ಕಡತಗಳನ್ನು ಬೀದಿಗೆ ಹಾಕಿದರು. 1999ರಲ್ಲಿ ನೂರಾರು ರೈತರು ಯುರೋಪಿಗೇ ಹೋಗಿ ಅಲ್ಲಿನ ಬೀದಿಗಳಲ್ಲಿ ಮೆರವಣಿಗೆ ನಡೆಸಿದರು. ಹಸಿರು ಶಾಲು ಹೊದ್ದ ಒಂದು ಪ್ರಾದೇಶಿಕ ಚಳವಳಿ ಜಗತ್ತಿನ ಮಟ್ಟದ ಎದುರಾಳಿಯನ್ನು ಗುರುತಿಸಿತ್ತು.

ಮತಗಳ ಲೆಕ್ಕ ಬೇರೆಯೇ ಇತ್ತು. 1989ರಲ್ಲಿ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರಗಳಲ್ಲಿ ಗೆದ್ದು, ಅವರು ತೆರವು ಮಾಡಿದ ಧಾರವಾಡ ಗ್ರಾಮಾಂತರದಿಂದ ನಂಜುಂಡಸ್ವಾಮಿ ಸದನಕ್ಕೆ ಬಂದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಲಕ್ಷಗಟ್ಟಲೆ ಜನರನ್ನು ಸೇರಿಸಬಲ್ಲ ಸಂಘಟನೆಗೆ ಸದನದಲ್ಲಿ ಸಿಕ್ಕ ಜಾಗ ಬಹಳ ಕಡಿಮೆ. ಸಂಘದ ಒಡಕು ಇದಕ್ಕೆ ಒಂದು ಕಾರಣ. ಇನ್ನೊಂದು, ನಾನು ಆಗಲೇ ಹೇಳಿದ್ದು: ಹೋರಾಟ ಜಿನೀವಾದ ಮೇಲೆ, ಮತ ವಿಧಾನಸಭೆಗೆ. ಯುಕಿಪ್‌ಗೆ ತನ್ನ ಎದುರಾಳಿಯ ಅಂಗಳದಲ್ಲೇ ಒಂದು ಚುನಾವಣೆ ಸಿಕ್ಕಿತು. ರೈತ ಸಂಘಕ್ಕೆ ಅಂಥದೊಂದು ಸಿಗಲಿಲ್ಲ.

ನಮ್ಮ ತೋಟಗಳಿಗೆ ಬರೋಣ. ಭಾರತ ಮತ್ತು ಆಸಿಯಾನ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂತು. ದಕ್ಷಿಣ ಏಷ್ಯಾದ ದೇಶಗಳ ಮುಕ್ತ ವ್ಯಾಪಾರ ವ್ಯವಸ್ಥೆ ಅದಕ್ಕೂ ಮೊದಲೇ ಬಂದಿತ್ತು. ಅಡಿಕೆ, ಕಾಳುಮೆಣಸು, ತೆಂಗು, ಜಡ್ಕಲ್ ಮುದೂರು ಕಡೆಯ ರಬ್ಬರ್ ಇವುಗಳ ದರ ಅಂದಿನಿಂದ ಕೊಲಂಬೊ, ಜಕಾರ್ತಾಗಳ ಕಡೆ ನೋಡಿಕೊಂಡೇ ಏರಿಳಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು ಕೇಂದ್ರ ಅನುಮತಿ ಕೊಟ್ಟಿತು. ಬೆಳೆಗಾರರು, ಅವರ ಸಹಕಾರ ಸಂಸ್ಥೆ ಕ್ಯಾಂಪ್ಕೊ, ಮಲೆನಾಡು ಮತ್ತು ಕರಾವಳಿಯ ಪ್ರತಿನಿಧಿಗಳು ಒತ್ತಡ ತಂದರು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಒಂದು ಆದೇಶ ತೋಟದವರ ಬೆನ್ನಿಗೆ ಹೊಡೆಯಿತು, ಇನ್ನೊಂದು ಕೈ ಹಿಡಿಯಿತು. ಎರಡೂ ಬಂದದ್ದು ದಿಲ್ಲಿಯಿಂದ. ಎರಡರ ಹಿಂದೆಯೂ ವಿದೇಶಗಳ ಜೊತೆಗಿನ ಸಂಬಂಧದ ಲೆಕ್ಕಾಚಾರ ಇತ್ತು.

ಮೀನುಗಾರಿಕೆಯಲ್ಲಿ ಇದು ಇನ್ನೂ ಹತ್ತಿರದಿಂದ ಕಾಣುತ್ತದೆ. ಗಂಗೊಳ್ಳಿಯಲ್ಲೋ ಉಪ್ಪುಂದದ ಮಡಿಕಲ್ ತೀರದಲ್ಲೋ ಮಳೆಗಾಲದಲ್ಲಿ ಕಡಲಿಗಿಳಿಯುವ ಒಂದು ನಾಡದೋಣಿಯನ್ನು ನೋಡಿ. ಅದರ ಹಿಂಬದಿಯ ಇಂಜಿನ್ ಚಾಲೂ ಆಗುವುದು ಪೆಟ್ರೋಲಿನಲ್ಲಿ, ಓಡುವುದು ಸೀಮೆಎಣ್ಣೆಯಲ್ಲಿ. ಆ ಸೀಮೆಎಣ್ಣೆಯ ಪರ್ಮಿಟ್ ಕೊಡುವುದು ರಾಜ್ಯದ ಮೀನುಗಾರಿಕೆ ಇಲಾಖೆ. ಸೀಮೆಎಣ್ಣೆಯನ್ನು ರಾಜ್ಯಕ್ಕೆ ಹಂಚುವುದು ಕೇಂದ್ರ. ತೀರದಿಂದ 12 ನಾಟಿಕಲ್ ಮೈಲಿನೊಳಗಿನ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆಗಿನದು ಕೇಂದ್ರದ್ದು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮಳೆಗಾಲದಲ್ಲಿ 61 ದಿನಗಳ ನಿಷೇಧವಿದೆ. ಇವೆಲ್ಲದರ ಮೇಲೆ, ಮೀನುಗಾರರಿಗೆ ಸರಕಾರ ಎಷ್ಟು ಸಬ್ಸಿಡಿ ಕೊಡಬಹುದು ಎಂಬ ಚರ್ಚೆ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ನಡೆಯುತ್ತಿದೆ. 2022ರ ಜೂನಿನಲ್ಲಿ ಜಿನೀವಾದಲ್ಲಿ ಮೀನುಗಾರಿಕೆ ಸಬ್ಸಿಡಿಯ ಒಪ್ಪಂದವಾಯಿತು. ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷಗಳ ವಿನಾಯಿತಿ ಬೇಕೆಂದು ಭಾರತ ವಾದಿಸಿತು. ಆ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ವಾದ ಸಿದ್ಧವಾಗುವಾಗ ಗಂಗೊಳ್ಳಿಯ ಮೀನುಗಾರರ ಸಹಕಾರ ಸಂಘದ ಅಭಿಪ್ರಾಯ ಕೇಳುವ ಕಡ್ಡಾಯ ವ್ಯವಸ್ಥೆ ನಮ್ಮಲ್ಲಿಲ್ಲ.

ಬೇರೆ ಕಡೆ ಅಂಥ ವ್ಯವಸ್ಥೆ ಇದೆ. ಬೆಲ್ಜಿಯಂ ದೇಶದ ವಲೋನಿಯಾ ಎಂಬ ಪ್ರಾಂತ 36 ಲಕ್ಷ ಜನರಿರುವ ಸೀಮೆ. ಯುರೋಪಿಯನ್ ಒಕ್ಕೂಟ ಕೆನಡಾದ ಜೊತೆ ಮಾಡಿಕೊಳ್ಳಬೇಕಿದ್ದ ವ್ಯಾಪಾರ ಒಪ್ಪಂದಕ್ಕೆ 2016ರ ಅಕ್ಟೋಬರಿನಲ್ಲಿ ಆ ಪ್ರಾಂತದ ಸಂಸತ್ತು ಒಪ್ಪಿಗೆ ಕೊಡಲಿಲ್ಲ. ಬೆಲ್ಜಿಯಂ ಸಂವಿಧಾನ ಆ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿದೆ. ಎರಡು ವಾರ ಇಡೀ ಯುರೋಪು ಕಾಯಬೇಕಾಯಿತು. ವಲೋನಿಯಾದ ರೈತರ ಹಿತ ಕಾಯುವ ಮಾತುಗಳು ಬರವಣಿಗೆಯಲ್ಲಿ ಬಂದ ಮೇಲೆ ಅಕ್ಟೋಬರ್ 30ರಂದು ಸಹಿಯಾಯಿತು. ಜರ್ಮನಿ ಕೂಡ 1992ರಲ್ಲಿ ತನ್ನ ಸಂವಿಧಾನದ 23ನೇ ವಿಧಿಯನ್ನು ಬದಲಿಸಿ, ಯುರೋಪಿನ ವಿಷಯಗಳಲ್ಲಿ ರಾಜ್ಯಗಳಿಗೆ ಪಾಲು ಕೊಟ್ಟಿತು. ನಮ್ಮಲ್ಲಿ ಸಂವಿಧಾನದ 253ನೇ ವಿಧಿಯ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೆ ತರಲು ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು. ಕೃಷಿ ರಾಜ್ಯದ ವಿಷಯ ಎಂಬ ಮಾತಿಗೆ ಆಗ ಎಷ್ಟು ತೂಕ ಉಳಿಯುತ್ತದೆ?

ಈ ಮೂರು ತಾಲೂಕುಗಳು

ಕೊನೆಯ ಪ್ರಶ್ನೆಗೆ ಬಂದಿದ್ದೇನೆ. ಇಷ್ಟು ಗಟ್ಟಿಯಾದ ಪ್ರಾದೇಶಿಕ ವ್ಯಕ್ತಿತ್ವ ಇರುವ ಈ ಸೀಮೆಯಲ್ಲಿ ಪ್ರಾದೇಶಿಕ ಪಕ್ಷವೊಂದು ಯಾಕೆ ನಿಲ್ಲಲಿಲ್ಲ? ಇಲ್ಲಿನ ನುಡಿಗೆ ತನ್ನದೇ ಸೊಗಸಿದೆ; 2019ರಿಂದ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಇಲ್ಲಿಯೂ ಬೆಂಗಳೂರಿನಲ್ಲಿಯೂ ಆಚರಿಸುತ್ತಾರೆ. ಬಡಗುತಿಟ್ಟಿನ ಯಕ್ಷಗಾನವಿದೆ. ಕೋಟದ ಶಿವರಾಮ ಕಾರಂತರು, ಮೊಗೇರಿಯ ಗೋಪಾಲಕೃಷ್ಣ ಅಡಿಗರು ಈ ಮಣ್ಣಿನವರು.

ಉತ್ತರದ ಒಂದು ಭಾಗ ಚುನಾವಣಾ ಫಲಿತಾಂಶಗಳಲ್ಲೇ ಇದೆ. ಬ್ರಹ್ಮಾವರ ಕ್ಷೇತ್ರ 1999 ಮತ್ತು 2004ರಲ್ಲಿ ಕೆ. ಜಯಪ್ರಕಾಶ್ ಹೆಗ್ಡೆಯವರನ್ನು ಪಕ್ಷೇತರರಾಗಿ ಗೆಲ್ಲಿಸಿತು. ಕುಂದಾಪುರ ಕ್ಷೇತ್ರ 1999ರಿಂದ ಬಿಜೆಪಿಯಿಂದ ಗೆಲ್ಲುತ್ತ ಬಂದಿದ್ದ ಹಾಲಾಡಿ ಶ್ರೀನಿವಾಸ ಶೆಟ್ಟರನ್ನು 2013ರಲ್ಲಿ ಪಕ್ಷೇತರರಾಗಿಯೂ ಗೆಲ್ಲಿಸಿತು. 2018ರಲ್ಲಿ ಅವರು ಮತ್ತೆ ಬಿಜೆಪಿಯಿಂದ ಗೆದ್ದರು. ಅಂದರೆ ಊರಿನ ಅಭಿಮಾನ ಇಲ್ಲಿ ವ್ಯಕ್ತಿಯ ಮೇಲಿನ ನಂಬಿಕೆಯಾಗಿ ಮೈದಾಳುತ್ತದೆ. ಆ ವ್ಯಕ್ತಿ ದೊಡ್ಡ ಪಕ್ಷಕ್ಕೆ ಮರಳಿದರೆ ಅಭಿಮಾನವೂ ಅವರ ಜೊತೆ ಹೋಗುತ್ತದೆ. ಅದರ ಹಿಂದೆ ಕಾರ್ಯಕ್ರಮ, ಸಂಘಟನೆ, ಉತ್ತರಾಧಿಕಾರ ಉಳಿಯುವುದಿಲ್ಲ. ಎಸ್. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ 10 ಸ್ಥಾನ, ಬಿ.ಎಸ್. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ 2013ರಲ್ಲಿ 6 ಸ್ಥಾನ ಗೆದ್ದು, ಬೇಗನೆ ದೊಡ್ಡ ಪಕ್ಷಗಳಲ್ಲಿ ಕರಗಿದ್ದೂ ಇದೇ ಜಾತಿಯ ಕಥೆ.

ಉತ್ತರದ ಇನ್ನೊಂದು ಭಾಗ, ಪ್ರಾದೇಶಿಕ ಮಾತನ್ನು ಇಂದು ರಾಷ್ಟ್ರೀಯ ಪಕ್ಷಗಳೇ ಆಡುತ್ತಿವೆ ಎಂಬುದು. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇಕಡಾ 4.713ರಿಂದ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ರಾಜ್ಯದ ಕಾಂಗ್ರೆಸ್ ಸರಕಾರ ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. ಬೇರೆ ರಾಜ್ಯದಲ್ಲಿ ಪ್ರಾದೇಶಿಕ ಪಕ್ಷ ಮಾಡುವ ಕೆಲಸವನ್ನು ಇಲ್ಲಿ ರಾಷ್ಟ್ರೀಯ ಪಕ್ಷವೇ ಮಾಡಿತು. ಆಳುವ ಪಕ್ಷ ಬದಲಾದರೆ ಘೋಷಣೆಯೂ ಬದಲಾಗುತ್ತದೆ ಎಂಬುದೇ ಇದರಲ್ಲಿನ ಅಪಾಯ. ಒಂದು ಪ್ರದೇಶದ ಹಿತ ಯಾರು ದಿಲ್ಲಿಯಲ್ಲಿದ್ದಾರೆ, ಯಾರು ಬೆಂಗಳೂರಿನಲ್ಲಿದ್ದಾರೆ ಎಂಬುದರ ಮೇಲೆ ನಿಲ್ಲಬಾರದು.

ಉತ್ತರದ ಮೂರನೆಯ ಭಾಗ ಗಡಿಗೆರೆಗಳದ್ದು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಬ್ರಹ್ಮಾವರ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿದೆ. ಬೈಂದೂರಿನ ನಾಗರಿಕ ಜಿಲ್ಲಾಧಿಕಾರಿಯನ್ನು ಕಾಣಲು ಮಣಿಪಾಲಕ್ಕೆ ಹೋಗುತ್ತಾನೆ, ಸಂಸದರನ್ನು ಕಾಣಲು ಘಟ್ಟ ಹತ್ತುತ್ತಾನೆ. ಕಡಲ್ಕೊರೆತದ ತಡೆಗೋಡೆಯ ಪ್ರಶ್ನೆಯನ್ನು ಹಿಡಿದ ಮರವಂತೆಯ ಮೀನುಗಾರರಿಗೂ ಅಡಿಕೆಯ ದರದ ಪ್ರಶ್ನೆಯನ್ನು ಹಿಡಿದ ಸಾಗರದ ಬೆಳೆಗಾರರಿಗೂ ಒಬ್ಬರೇ ಸಂಸದರು.

ಇದೆಲ್ಲದರಿಂದ ನಾನು ಬಂದು ನಿಲ್ಲುವ ತೀರ್ಮಾನವನ್ನು ಹೇಳುತ್ತೇನೆ. ಹೊಸ ಪಕ್ಷ ಕಟ್ಟಿ ಎಂದು ನಾನು ಹೇಳುವುದಿಲ್ಲ. ಕಟ್ಟಬೇಡಿ ಎಂದೂ ಹೇಳುವುದಿಲ್ಲ. ಯಾವ ಪಕ್ಷದಲ್ಲಿದ್ದರೂ ಮೂರು ಬೇಡಿಕೆಗಳನ್ನು ಬಿಡಬೇಡಿ. ಒಂದು, ಕೃಷಿ ಮತ್ತು ಮೀನುಗಾರಿಕೆಗೆ ತಟ್ಟುವ ಯಾವುದೇ ವಿದೇಶಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ರಾಜ್ಯದ ವಿಧಾನಮಂಡಲದಲ್ಲಿ ಅದರ ಚರ್ಚೆಯಾಗಬೇಕು. ಎರಡು, ಸಂವಿಧಾನದ 263ನೇ ವಿಧಿಯಡಿ 1990ರಲ್ಲಿ ಸ್ಥಾಪನೆಯಾದ ಅಂತರರಾಜ್ಯ ಪರಿಷತ್ತು ಪ್ರತಿ ವರ್ಷ ಸೇರಬೇಕು. 2016ರ ಜುಲೈ ಸಭೆಯ ಹೊತ್ತಿಗೆ ಅದು ಸೇರಿದ್ದು ಒಟ್ಟು ಹನ್ನೊಂದೇ ಸಲ. ಜಿಎಸ್‌ಟಿ ಮಂಡಳಿಯಲ್ಲಿ ಪ್ರತಿ ರಾಜ್ಯಕ್ಕೂ ಒಂದು ಮತ ಇರುವಂತೆ, ವ್ಯಾಪಾರ ಮತ್ತು ಸಮುದ್ರದ ವಿಷಯಗಳಲ್ಲೂ ರಾಜ್ಯಗಳಿಗೆ ಕುರ್ಚಿ ಇರಬೇಕು. ಮೂರು, ಗ್ರಾಮಸಭೆ, ಸಹಕಾರ ಸಂಘ, ಹಿತರಕ್ಷಣಾ ಸಮಿತಿಗಳ ನಿರ್ಣಯಗಳು ಬರೇ ಮನವಿಪತ್ರಗಳಾಗಿ ಮುಗಿಯಬಾರದು. ಅವಕ್ಕೆ ಇಂತಿಷ್ಟು ದಿನಗಳೊಳಗೆ ಲಿಖಿತ ಉತ್ತರ ಕೊಡುವುದು ಸರಕಾರದ ಕರ್ತವ್ಯವಾಗಬೇಕು.

ವಿದ್ಯಾರ್ಥಿ ಮಿತ್ರರಿಗೆ ಕೊನೆಯ ಮಾತು. ನಿಮ್ಮಲ್ಲಿ ಹಲವರು ನಾಳೆ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಗೆ ಹೋಗುವವರು. ಕೆಲವರು ಇಲ್ಲೇ ಉಳಿದು ತೋಟ, ದೋಣಿ, ಅಂಗಡಿ ನೋಡಿಕೊಳ್ಳುವವರು. ನಿಮಗೆ ದೊಡ್ಡ ಒಕ್ಕೂಟವೂ ಬೇಕು, ಊರೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಯಾರಾದರೂ ವೇದಿಕೆ ಹತ್ತಿ ಕೂಗಿದರೆ, ಅವರನ್ನು ಒಂದೇ ಪ್ರಶ್ನೆ ಕೇಳಿ: ನಮ್ಮ ಊರಿನ ಮಾತು ತೀರ್ಮಾನವಾಗುವ ಜಾಗದಲ್ಲಿ ನಮ್ಮವರನ್ನು ಕೂರಿಸಲು ನಿಮ್ಮ ಬಳಿ ಯಾವ ಯೋಜನೆ ಇದೆ? ಉತ್ತರವಿದ್ದವರಿಗೆ ಮತ ಕೊಡಿ. ಉತ್ತರದ ಬದಲು ಯಾರದೋ ಕಡೆಗೆ ಬೆರಳು ತೋರಿಸಿದವರನ್ನು ನಂಬಬೇಡಿ.